ಬಾಗಿಲಿಗೆ ಮುಖ ಮಾಡಿದ ಕುರ್ಚಿ

ಆ ಮನೆಯೊಳಕ್ಕೆ ಯಾರೂ ನೆಟ್ಟಗೆ ನಡೆದು ಬಂದದ್ದಿಲ್ಲ. ಮುಂಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಲೇ ಇರಲಿಲ್ಲ. ಅದರ ಹಿಂದೆ ಬಟ್ಟೆಗಂಟುಗಳು, ಲೈನಿಂಗ್ ಬಟ್ಟೆಯ ಸುರುಳಿಗಳು, ಕೈ ಮುರಿದ ಒಂದು ಅಂಗಡಿಬೊಂಬೆ ಒಂದಕ್ಕೊಂದು ಆತು ನಿಂತಿದ್ದವು. ಬಂದವರು ಹೊಟ್ಟೆ ಒಳಗೆಳೆದುಕೊಂಡು, ಭುಜ ಓರೆ ಮಾಡಿಕೊಂಡು ಅಡ್ಡಡ್ಡ ಸರಿಯಬೇಕು. ಕಟ್ಟಡದವರೆಲ್ಲ ಅದಕ್ಕೆ ‘ಏಡಿ ಮನೆ’ ಎಂದು ಹೆಸರಿಟ್ಟಿದ್ದರು.

ಮನೆಯಲ್ಲಿ ನಾಲ್ಕು ಜನ. ಟೈಲರ್ ಹಜಾರದಲ್ಲೇ ಮಷೀನು ಹಾಕಿಕೊಂಡು ಹೊಲಿಯುತ್ತಿದ್ದ. ಅವನ ಹೆಂಡತಿ ಮೂಲೆಯ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ಕೈಯೂ ಚುರುಕು, ಮಾತೂ ಚುರುಕು. ಏನಾದರೂ ತಲೆಗೆ ಹೊಕ್ಕಿತೆಂದರೆ ಮಾಡಿ ಮುಗಿಸುವ ತನಕ ಅವಳು ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಅಪ್ಪನನ್ನೇ ಮೀರಿಸುವಷ್ಟು ಉದ್ದ ಬೆಳೆದಿದ್ದರೂ ಚಿಕ್ಕಂದಿನ ‘ಗುಬ್ಬಿ’ ಎಂಬ ಹೆಸರು ಅವಳನ್ನು ಬಿಟ್ಟಿರಲಿಲ್ಲ. ನಾಲ್ಕನೆಯವರು ಟೈಲರನ ಅಪ್ಪ. ಒಂದು ಕಾಲಕ್ಕೆ ಹೆಸರುವಾಸಿ ಫುಟ್‌ಬಾಲ್ ರೆಫರಿ. ಮೊಣಕಾಲು ನೋವು ಎಂದು ಹೇಳಿ ಕೆಲವು ವರ್ಷಗಳ ಹಿಂದೆ ಇದ್ದಕ್ಕಿದ್ದಂತೆ ಮೈದಾನ ಬಿಟ್ಟಿದ್ದರು. ಮೈದಾನ ಬಿಟ್ಟರೂ ಸೀಟಿ ಊದುವ ಗತ್ತು ಬಿಟ್ಟಿರಲಿಲ್ಲ.

ರೆಫರಿಯ ಕುರ್ಚಿ ಟಿವಿಯ ಎದುರಿಗಿತ್ತು, ಬಾಗಿಲಿಗೆ ಬೆನ್ನು ಹಾಕಿಕೊಂಡು. ಯಾರಾದರೂ ಹೊರಗಿನಿಂದ ಬಂದು ಪಕ್ಕದಲ್ಲಿ ಕಾಣಿಸಿಕೊಂಡರೆ ಸಾಕು, ಹಾವು ತುಳಿದವರಂತೆ ಬೆಚ್ಚಿಬೀಳುತ್ತಿದ್ದರು. “ಕಳ್ಳರ ಹಾಗೆ ಬರ್ತೀರಲ್ಲ! ಬಾಯಿಗೇನು ಬೀಗ ಹಾಕ್ಕೊಂಡಿದ್ದೀರಾ?” ಎಂದು ಕೆಂಡಾಮಂಡಲವಾಗುತ್ತಿದ್ದರು. ಟಿವಿ ಕಿವಿ ಗಡಚಿಕ್ಕುವಂತೆ ಕೂಗುತ್ತಿತ್ತು. ಅದನ್ನು ಮೀರಿಸಲು ಟೈಲರ್ ಮಷೀನನ್ನು ಜೋರಾಗಿ ತುಳಿಯುತ್ತಿದ್ದ. ಗುಬ್ಬಿ ಅಡುಗೆಮನೆಯಲ್ಲಿ ಪುಸ್ತಕ ಹಿಡಿದು ಕೂತು, ಅಮ್ಮನ ಕಾಲಿಗೆ ಅಡ್ಡವಾಗಿ ಬೈಸಿಕೊಳ್ಳುತ್ತಿದ್ದಳು. ಯಾರೂ ಕೆಟ್ಟವರಲ್ಲ. ಆದರೂ ದಿನಕ್ಕೊಂದು ಜಗಳವಿಲ್ಲದೆ ಆ ಮನೆಯಲ್ಲಿ ದೀಪ ಆರುತ್ತಿರಲಿಲ್ಲ.

ಪಾರ್ಲರಿಗೆ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಒಬ್ಬ ಮೇಡಂ ಬರುತ್ತಿದ್ದರು. ಬಣ್ಣ ಹಿಡಿಯುವ ತನಕ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಜನರ ಮನೆಗಳಿಗೆ ಹೋಗಿ ಫೆಂಗ್‌ಶುಯಿ ನೋಡಿ ಹೇಳುವುದು ಅವರ ಕಸುಬು.

“ಫೆಂಗ್ ಅಂದ್ರೆ ಗಾಳಿ, ಶುಯಿ ಅಂದ್ರೆ ನೀರು. ಮನೆಯೊಳಗೆ ಒಂದು ಉಸಿರು ಓಡಾಡ್ತಾ ಇರುತ್ತೆ ಕಣಮ್ಮಾ. ಅದು ಬಾಗಿಲಿಂದ ಒಳಗೆ ಬರಬೇಕು, ನಿಧಾನಕ್ಕೆ ಎಲ್ಲಾ ಕಡೆ ಸುತ್ತಬೇಕು, ಎಲ್ಲೂ ಸಿಕ್ಕಿಹಾಕ್ಕೋಬಾರ್ದು. ನಿಮ್ಮನೆ ಬಾಗಿಲು ಪೂರ್ತಿ ತೆರೆಯುತ್ತಾ?”

ಪಕ್ಕದ ಗಿರಾಕಿಯ ಕೂದಲು ಕತ್ತರಿಸುತ್ತಿದ್ದ ಟೈಲರನ ಹೆಂಡತಿಯ ಕೈ ಗಾಳಿಯಲ್ಲೇ ನಿಂತಿತು. “ಇಲ್ಲ ಮೇಡಂ.”

“ಕೂತಾಗ, ಮಲಗಿದಾಗ ಬಾಗಿಲು ಕಣ್ಣಿಗೆ ಬೀಳುತ್ತಾ? ಬೆನ್ನ ಹಿಂದೆ ಗೋಡೆ ಇದ್ಯಾ?”

“ಇಲ್ಲ ಮೇಡಂ.”

“ಬಾಗಿಲ ಎದುರಿಗೆ ಕನ್ನಡಿ?”

“ಒಂದಲ್ಲ ಮೇಡಂ, ಮೂರು! ಗಿರಾಕಿಗಳು ಬಟ್ಟೆ ಹಾಕಿ ನೋಡ್ಕೊಳ್ಳೋ ಮೂರು ಮಡಿಕೆ ಕನ್ನಡಿ.”

“ಅಯ್ಯೋ! ಒಳಗೆ ಬಂದ ಉಸಿರನ್ನ ಮೂರು ಕನ್ನಡಿ ಸೇರಿ ಹೊರಗೆ ದಬ್ಬುತ್ತೆ. ಮತ್ತೆ ಮನೇಲಿ ನೆಮ್ಮದಿ ಎಲ್ಲಿಂದ ಬರ್ಬೇಕು?”

ಅವಳಿಗೆ ಮೈಯೆಲ್ಲ ಝುಮ್ಮೆಂದಿತು. ಇಷ್ಟು ವರ್ಷ ಒಬ್ಬರನ್ನೊಬ್ಬರು ದೂರುತ್ತಾ ಬಂದದ್ದಾಯಿತು, ತಪ್ಪು ಮೇಜು ಕುರ್ಚಿಗಳದ್ದೂ ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲವಲ್ಲ! ಮನುಷ್ಯರನ್ನು ಬದಲಾಯಿಸುವುದು ಆಗದ ಮಾತು. ಕುರ್ಚಿ ಸರಿಸುವುದಕ್ಕೇನು ಕಷ್ಟ? ಆ ವಾರವಿಡೀ ಅವಳು ಗಿರಾಕಿಗಳ ತಲೆ ಬಾಚುತ್ತಾ ಮನಸ್ಸಿನಲ್ಲಿ ಮನೆ ಬಾಚುತ್ತಿದ್ದಳು. ಮೇಡಂ ಹತ್ತಿರ ಕೇಳಿ ಕೇಳಿ ಅವರ ತಲೆ ತಿಂದಳು. ಒಂದು ಪುಟ್ಟ ದಿಕ್ಸೂಚಿಯನ್ನೂ ಕೊಂಡು ತಂದಳು.

ಭಾನುವಾರ ಬೆಳಿಗ್ಗೆ ರೆಫರಿ ವಾಕಿಂಗಿಗೆ ಹೊರಟದ್ದೇ ತಡ, ಅವಳು ಸೊಂಟಕ್ಕೆ ಬಟ್ಟೆ ಬಿಗಿದಳು. “ಏಳ್ರೀ! ಏಳೇ ಗುಬ್ಬಿ! ಇವತ್ತು ನಮ್ಮನೆಗೆ ಗಾಳಿ ಬರುತ್ತೆ!”

“ಕಿಟಕಿ ತೆಗಿ, ಬರುತ್ತೆ,” ಎಂದು ಟೈಲರ್ ಮಗ್ಗುಲಾದ. ಹೊದಿಕೆ ಎಳೆದು ಅವನನ್ನು ಎಬ್ಬಿಸಿ, ವಿಷಯವೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ಚಹಾ ಹೀರುತ್ತಾ ಕೇಳಿಸಿಕೊಂಡ. “ಗಾಳಿ ಬಂದಾಗ ತೂರಿಕೋ ಅಂತಾರೆ. ನೀನು ನನ್ನ ಅಂಗಡೀನೇ ತೂರಿಬಿಡೋ ಹಾಗೆ ಕಾಣುತ್ತೆ.”

ಹಜಾರದ ಮಧ್ಯೆ ನಿಂತು ಅವಳು ದಿಕ್ಸೂಚಿ ಹಿಡಿದಳು. ಮುಳ್ಳು ಗಂಡನ ಕಡೆ ತಿರುಗಿತು. ಬಾಗಿಲ ಹತ್ತಿರ ಹೋದಳು, ಆಗಲೂ ಅವನ ಕಡೆ. ಕಿಟಕಿಯ ಹತ್ತಿರ ಹೋದರೂ ಕೊಂಚ ಅವನ ಕಡೆಗೇ ವಾಲಿಕೊಂಡಿತು.

“ನೋಡಿದ್ಯಾ? ಉತ್ತರ ದಿಕ್ಕೂ ನನ್ನೇ ಹುಡುಕ್ಕೊಂಡು ಬರುತ್ತೆ,” ಎಂದು ಅವನು ಎದೆಯುಬ್ಬಿಸಿದ.

ಗುಬ್ಬಿ ಬಿದ್ದು ಬಿದ್ದು ನಕ್ಕಳು. “ಅಪ್ಪನ್ನಲ್ಲಮ್ಮಾ, ಅಪ್ಪನ ಮಷೀನನ್ನ! ಅಷ್ಟು ದೊಡ್ಡ ಕಬ್ಬಿಣ ಹತ್ರ ಇದ್ರೆ ಮುಳ್ಳು ಪಾಪ ಇನ್ನೆಲ್ಲಿಗೆ ಹೋಗ್ಬೇಕು?”

ಕೊನೆಗೆ ದಿಕ್ಕನ್ನು ಗುಬ್ಬಿಯೇ ಮಹಡಿಯ ಮೇಲೆ ಹೋಗಿ ನೋಡಿಕೊಂಡು ಬಂದಳು. ಕೆಲಸ ಶುರುವಾಯಿತು.

ಮೊದಲು ಬಾಗಿಲು. ಗಂಟುಗಳನ್ನು ಒಂದೊಂದಾಗಿ ಎಳೆದಂತೆ ಟೈಲರ್ ಕರುಳು ಕಿತ್ತುಬಂದವನಂತೆ ಒದ್ದಾಡಿದ. “ಅದು ಬೇಕು ಕಣೇ! ಅದರಲ್ಲಿ ಒಂದು ವೇಸ್ಟ್‌ಕೋಟ್ ಆಗುತ್ತೆ.”

“ಯಾರಿಗೆ? ಬೆಕ್ಕಿಗಾ?”

ಒಳ್ಳೆಯ ಬಟ್ಟೆಯೆಲ್ಲ ಮಂಚದ ತಲೆಕಡೆಯ ಕಪಾಟಿಗೆ ಹೋಯಿತು. ಚೂರುಪಾರು ಚೀಲ ತುಂಬಿ ಕೆಳಗಿಳಿಯಿತು. ಕೈಮುರಿದ ಬೊಂಬೆಯನ್ನು ಗುಬ್ಬಿ ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಯುವಾಗ ಕೆಳಮನೆಯ ಅಜ್ಜಿ ಕಂಡು ಕಿಟಾರನೆ ಕಿರುಚಿದ್ದು ಕಟ್ಟಡಕ್ಕೆಲ್ಲ ಕೇಳಿಸಿತು. ಆಮೇಲೆ ತಾಯಿ ಮಗಳು ಸೇರಿ ಬಾಗಿಲನ್ನು ದೂಡಿದರು. ಅದು ಕಿರ್ರೆನ್ನುತ್ತಾ ತೆರೆದುಕೊಂಡಿತು, ತೆರೆಯುತ್ತಾ ತೆರೆಯುತ್ತಾ ಹೋಗಿ ಗೋಡೆಗೆ ತಾಗಿ ನಿಂತಿತು. ಮೆಟ್ಟಿಲ ಕಡೆಯ ಗಾಳಿ ಒಂದೇ ಸಲಕ್ಕೆ ನುಗ್ಗಿ ಮೇಜಿನ ಮೇಲಿದ್ದ ಕಾಗದದ ನಮೂನೆಗಳನ್ನೆಲ್ಲ ಹಾರಿಸಿತು. ಟೈಲರ್ ಅವುಗಳನ್ನು ಹಿಡಿಯಲು ಓಡಾಡುತ್ತಿದ್ದರೆ ಅವನ ಹೆಂಡತಿ ಹೊಸಿಲಿನ ಆಚೆ ಹೋದಳು, ಎರಡೂ ಕೈ ಚಾಚಿಕೊಂಡು ನೆಟ್ಟಗೆ ನಡೆದು ಒಳಗೆ ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಗುಬ್ಬಿಯೂ ಬಂದಳು. ಆಮೇಲೆ ಟೈಲರ್ ಅತ್ತಿತ್ತ ನೋಡಿ, ಯಾರಿಗೂ ಹೇಳದೆ ತಾನೂ ಒಂದು ಸಲ ಹೋಗಿಬಂದ. ಅಲ್ಲಿಂದ ಮುಂದೆ ಅವನಿಗೂ ಹುಚ್ಚು ಹಿಡಿಯಿತು.

“ಕನ್ನಡೀನ ಆ ಗೋಡೆಗೆ ಹಾಕೋಣ,” ಎಂದವನು ಅವನೇ. ಮೂವರೂ ಹಿಡಿದು ಎತ್ತಿ, ಕಾಲ ಮೇಲೆ ಬಿದ್ದೀತು ಜೋಕೆ ಜೋಕೆ ಎನ್ನುತ್ತಾ ಪಕ್ಕದ ಗೋಡೆಗೆ ಸಾಗಿಸಿದರು. ಒಂದು ಮಡಿಕೆಯನ್ನು ಬಿಡಿಸಿದ್ದೇ ತಡ, ನೀರು ಕುಡಿಯಲು ಅಡುಗೆಮನೆಗೆ ಹೋಗಿದ್ದ ಗುಬ್ಬಿಯ ಕೂಗು: “ಅಮ್ಮಾ, ಬಾ ಇಲ್ಲಿ! ಬೇಗ ಬಾ!” ಹಗಲಲ್ಲೂ ದೀಪ ಹಾಕಬೇಕಿದ್ದ ಆ ಕತ್ತಲಗೂಡಿನೊಳಗೆ ಕಿಟಕಿಯ ಬಿಸಿಲು ಕನ್ನಡಿಗೆ ಬಡಿದು ನೇರ ಬಂದು ಬಿದ್ದಿತ್ತು. ಒಲೆ, ಪಾತ್ರೆ, ಗೋಡೆಯ ಮೇಲಿನ ಎಣ್ಣೆಕಲೆ ಎಲ್ಲವೂ ಒಮ್ಮೆಲೇ ಕಣ್ಣಿಗೆ ಹೊಡೆದವು.

“ಇಷ್ಟು ಕೊಳೆ ಇತ್ತಾ ಇಲ್ಲಿ!” ಎಂದು ಅವಳು ನಗುತ್ತಾ ಹಣೆ ಚಚ್ಚಿಕೊಂಡಳು.

ಕತ್ತರಿಸುವ ಮೇಜಿನ ಹತ್ತಿರ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ಮೇಜಿನ ಚೂಪು ಮೂಲೆ ಯಾರ ಕಡೆ ತಿರುಗಿರುತ್ತದೋ ಅವರಿಗೆ ಬಾಣ ಬಿಟ್ಟಂತೆ ಎಂದು ಮೇಡಂ ಹೇಳಿದ್ದರು. ಗುಂಡು ಮೇಜು ತರೋಣ ಎಂದಳು ಹೆಂಡತಿ.

“ಗುಂಡು ಮೇಜಿನ ಮೇಲೆ ಪ್ಯಾಂಟ್ ಕತ್ತರಿಸಿದ್ರೆ ಪ್ಯಾಂಟೂ ಗುಂಡಗೇ ಆಗುತ್ತೆ,” ಎಂದ ಟೈಲರ್. “ಬೇಕಾದ್ರೆ ನನ್ನ ತಲೆ ಗುಂಡಗೆ ಬೋಳಿಸು, ಮೇಜು ಮುಟ್ಬೇಡ.” ಆದರೂ ಅವನು ಸುಮ್ಮನಿರಲಿಲ್ಲ. ಕೋಟಿನ ಭುಜಕ್ಕೆ ಇಡುವ ಹತ್ತಿಯ ಪ್ಯಾಡುಗಳನ್ನು ತೆಗೆದು ನಾಲ್ಕೂ ಮೂಲೆಗೆ ಇಟ್ಟು, ಅಂದವಾಗಿ ಹೊಲಿದು ಕೂರಿಸಿದ. ನಿತ್ಯ ಅದಕ್ಕೆ ಸೊಂಟ ತಾಗಿಸಿಕೊಂಡು ಶಾಪ ಹಾಕುತ್ತಿದ್ದ ಗುಬ್ಬಿ ಬೇಕೆಂದೇ ಹೋಗಿ ಹೋಗಿ ಗುದ್ದಿಕೊಂಡಳು. “ಅಪ್ಪಾ, ನೋವೇ ಆಗ್ತಿಲ್ಲ!”

ಉಳಿದದ್ದು ರೆಫರಿಯ ಕುರ್ಚಿ. ಅದನ್ನು ಮುಟ್ಟಲು ಮೂವರಿಗೂ ಧೈರ್ಯವಿಲ್ಲ. ಹೆಂಡತಿಯೇ ಉಸಿರು ಬಿಗಿಹಿಡಿದು ಅದನ್ನು ಎಳೆದು ಎದುರು ಗೋಡೆಗೆ ಒರಗಿಸಿದಳು. ಬೆನ್ನಿಗೆ ಗೋಡೆ, ಕಣ್ಣೆದುರಿಗೆ ಬಾಗಿಲು, ಓರೆಯಲ್ಲಿ ಟಿವಿ.

ವಾಕಿಂಗ್ ಮುಗಿಸಿ ಬಂದ ರೆಫರಿ ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದು, ಭುಜ ಓರೆ ಮಾಡಿಕೊಂಡೇ ಹೊಸಿಲು ದಾಟಿದರು. ನಾಲ್ಕು ಹೆಜ್ಜೆ ಅಡ್ಡಡ್ಡ ನಡೆದ ಮೇಲೆ ಏನೂ ತಾಗುತ್ತಿಲ್ಲವೆಂದು ಅರಿವಾಗಿ ನಿಂತರು. ಸುತ್ತಲೂ ನೋಡಿದರು.

“ಇದು ನಮ್ಮನೇನಾ? ನನ್ನ ಕುರ್ಚಿ ಮುಟ್ಟಿದವರು ಯಾರು?”

ಟೈಲರ್ ಮಷೀನಿನ ಹಿಂದೆ ಮರೆಯಾದ. ಗುಬ್ಬಿ ಕನ್ನಡಿಯ ಹಿಂದೆ. ಸೊಸೆ ಒಬ್ಬಳೇ ಕಣದಲ್ಲಿ ಉಳಿದಳು.

“ನಾನೇ ಮಾವ.”

“ಯಾರನ್ನ ಕೇಳಿ? ಇದು ಫೌಲು! ಕೆಂಪು ಕಾರ್ಡು ಕೊಟ್ಟು ಹೊರಗೆ ಹಾಕೋ ಅಂಥ ಫೌಲು!”

ಅವಳು ಗಾಳಿ, ನೀರು, ಉಸಿರು ಎಂದೆಲ್ಲ ಶುರು ಮಾಡಿದಳು. ಅವರ ಹುಬ್ಬುಗಳು ಗಂಟಿಕ್ಕುತ್ತಾ ಹೋದವು. ಆಗ ಅವಳಿಗೆ ಬೇರೊಂದು ಹೊಳೆಯಿತು.

“ಮಾವ, ಒಂದು ಮಾತು ಹೇಳಿ. ಚೆಂಡು ಒಂದು ಕಡೆ ಇದ್ರೆ ರೆಫರಿ ಅದಕ್ಕೆ ಬೆನ್ನು ಹಾಕಿ ನಿಲ್ತಾನಾ?”

“ಯಾವನು ನಿಲ್ತಾನೆ? ನಿಂತ್ರೆ ಅವನು ರೆಫರೀನೇ ಅಲ್ಲ.”

“ಮನೇಲಿ ಯಾರು ಬಂದ್ರು, ಯಾರು ಹೋದ್ರು, ಎಲ್ಲಾ ಆಗೋದು ಆ ಬಾಗಿಲಲ್ಲಿ. ನೀವು ಇಷ್ಟು ವರ್ಷ ಅದಕ್ಕೆ ಬೆನ್ನು ಹಾಕ್ಕೊಂಡು ಕೂತಿದ್ರಿ. ಇಲ್ಲಿ ಕೂತ್ರೆ ಇಡೀ ಮೈದಾನ ನಿಮ್ಮ ಕಣ್ಣಳತೆಯಲ್ಲಿ.”

ರೆಫರಿ ಮೂಗು ಮುರಿದರು, ಗೊಣಗಿದರು, “ನೋಡೋಕೆ ಒಂದ್ಸಲ ಕೂರ್ತೀನಿ ಅಷ್ಟೇ,” ಎಂದು ಕೂತರು. ಬೆನ್ನು ಗೋಡೆಗೆ ಆನಿಸಿದರು. ಬಾಗಿಲು ನೋಡಿದರು, ಕಿಟಕಿ ನೋಡಿದರು, ಅಡುಗೆಮನೆಯ ಕಡೆ ನೋಡಿದರು. ಭುಜ ಮೆಲ್ಲಗೆ ಕೆಳಗಿಳಿಯಿತು. ಸೊಸೆ ಅದನ್ನು ಕಂಡಳು. ಗಿರಾಕಿಯ ಭುಜ ಸಡಿಲವಾಯಿತೋ ಇಲ್ಲವೋ ಎಂದು ನೋಡಿ ನೋಡಿ ಅವಳ ಕಣ್ಣು ಪಳಗಿತ್ತು.

ಸಂಜೆ ಗುಬ್ಬಿ ಮೊಟ್ಟೆ ತರಲು ಹೋಗಿದ್ದಳು. ವಾಪಸು ಬಂದು ಹೊಸಿಲ ಮೇಲೆ ಕಾಲಿಟ್ಟಳೋ ಇಲ್ಲವೋ, ಒಳಗಿನಿಂದ ಒಂದು ದನಿ ಬಂತು. “ಬಂದ್ಯಾ ಗುಬ್ಬಿ? ಮೊಟ್ಟೆ ಜೋಪಾನ.”

ಅವಳು ನಿಂತಲ್ಲೇ ನಿಂತಳು. ತಾತ ನಗುತ್ತಿದ್ದರು. ಬೆಚ್ಚಿರಲಿಲ್ಲ, ಬೈದಿರಲಿಲ್ಲ. ಅವಳು ಮೊಟ್ಟೆ ಕೆಳಗಿಟ್ಟು ಅಡುಗೆಮನೆಗೆ ಓಡಿದಳು. “ಅಮ್ಮಾ, ಫೆಂಗ್‌ಶುಯಿ ಕೆಲಸ ಮಾಡ್ತಿದೆ! ತಾತ ನನ್ನ ನೋಡಿ ನಕ್ಕರು!”

ಅವಳ ಅಮ್ಮನೂ ಕುಣಿದಾಡುವಷ್ಟು ಹಿಗ್ಗಿದಳು. ಹಿಗ್ಗಿನ ನಡುವೆಯೇ ಅವಳ ತಲೆಯಲ್ಲಿ ಒಂದು ಎಳೆ ಜಗ್ಗಿತು. ಪಾರ್ಲರಿನಲ್ಲಿ ಅವಳು ದಿನವಿಡೀ ಗಿರಾಕಿಗಳ ಬೆನ್ನ ಹಿಂದೆ ನಿಂತು ಕನ್ನಡಿಯಲ್ಲಿ ಮಾತಾಡಿಸುವವಳು. ಕೆಲವು ಗಿರಾಕಿಗಳು ಕಣ್ಣು ಮುಚ್ಚಿಕೊಂಡೇ ಉತ್ತರಿಸುತ್ತಾರೆ. ಕೆಲವರು ಮಾತ್ರ ಕನ್ನಡಿಯಲ್ಲಿ ಅವಳ ತುಟಿಯನ್ನೇ ನೋಡುತ್ತಾರೆ, ಅವಳು ತಲೆ ಬಗ್ಗಿಸಿದರೆ ಅವರಿಗೆ ಮಾತು ತಿಳಿಯುವುದಿಲ್ಲ. ಅವರಿಗೆ ಕಿವಿ ಮಂದ. ಮಾವ ಬೆಳಿಗ್ಗೆ ಜಗಳವಾಡುವಾಗ ನೋಡುತ್ತಿದ್ದದ್ದು ಅವಳ ಕಣ್ಣನ್ನಲ್ಲ, ತುಟಿಯನ್ನು.

ಅವಳು ಹಜಾರಕ್ಕೆ ಬಂದಳು. ರೆಫರಿ ಕಿಟಕಿಯ ಕಡೆ ನೋಡುತ್ತಿದ್ದರು. ಅವಳು ಮಾಮೂಲಿ ದನಿಯಲ್ಲಿ, “ಮಾವ, ಚಹಾ ಕೊಡ್ಲಾ?” ಎಂದಳು. ಉತ್ತರವಿಲ್ಲ. ಇನ್ನೊಂದು ಸಲ ಕೇಳಿದಳು. ಅವರು ತಿರುಗಲಿಲ್ಲ. ಎದುರಿಗೆ ಹೋಗಿ ಅದನ್ನೇ ಹೇಳಿದಳು.

“ಕೊಡಮ್ಮಾ, ಕೇಳ್ಬೇಕಾ?”

ಅವಳು ಮಣೆ ಎಳೆದುಕೊಂಡು ಅವರೆದುರು ಕೂತಳು. ಮುಖಕ್ಕೆ ಮುಖ ಕೊಟ್ಟು, ದನಿ ಎತ್ತದೆ ಕೇಳಿದಳು. “ಮಾವ, ಬಾಗಿಲ ಸದ್ದು ನಿಮಗೆ ಕೇಳಿಸ್ತಿರ್ಲಿಲ್ಲ, ಅಲ್ವಾ? ಅದಕ್ಕೇ ಬೆಚ್ಚಿ ಬೀಳ್ತಿದ್ರಿ.”

ರೆಫರಿಯ ಕೋಪ ಮೂಗಿನ ತುದಿಗೆ ಬಂತು, ಅಲ್ಲೇ ನಿಂತಿತು, ಇಳಿದುಹೋಯಿತು. ಮಷೀನಿನ ಹತ್ತಿರ ಟೈಲರ್ ಕೆಲಸ ನಿಲ್ಲಿಸಿದ.

“ಮೊಣಕಾಲು ಅಲ್ಲಮ್ಮಾ,” ಎಂದರು ಅವರು. “ಕೊನೇ ಪಂದ್ಯ. ನನ್ನ ಬೆನ್ನ ಹಿಂದೆ ಒಬ್ಬ ಹುಡುಗ ಬಿದ್ದಿದ್ದ. ಕಾಲು ಮುರಿದಿತ್ತು, ಚೀರ್ತಿದ್ದನಂತೆ. ಇಡೀ ಮೈದಾನ ಕೂಗ್ತಿತ್ತಂತೆ. ನಾನು ಆಟ ನಡೆಸ್ತಾನೇ ಇದ್ದೆ. ನನಗೆ ಎಲ್ಲಾ ಶಾಂತವಾಗಿತ್ತು. ಆಮೇಲೆ ಸೀಟಿ ಬಿಚ್ಚಿಟ್ಟುಬಿಟ್ಟೆ. ಕಿವುಡ ರೆಫರಿ ಅಂತ ಯಾರ ಬಾಯಲ್ಲೂ ಕೇಳೋಕೆ ಇಷ್ಟ ಇರ್ಲಿಲ್ಲ.” ಮರುಕ್ಷಣವೇ, “ಕೇಳಿಸೋದೂ ಇಲ್ಲ ಬಿಡು,” ಎಂದು ತಾವೇ ನಕ್ಕರು. ನಗು ಪೂರ್ತಿ ಬರಲಿಲ್ಲ.

ಟೈಲರ್ ಎದ್ದು ಬಂದು ಅಪ್ಪನ ಭುಜದ ಮೇಲೆ ಕೈಯಿಟ್ಟ. ಅಪ್ಪ ಮುಖ ಎತ್ತುವ ತನಕ ಕಾದು, ಆಮೇಲೆ ಮಾತಾಡಿದ. “ನೀವು ಬೇಕೂಂತಲೇ ಮಾತಾಡಿಸ್ತಿಲ್ಲ ಅಂದ್ಕೊಂಡಿದ್ದೆ ಅಪ್ಪಾ. ಟಿವಿ ಜೋರು ಮಾಡೋದು ನನ್ನ ಮೇಲಿನ ಸಿಟ್ಟಿಗೆ ಅಂದ್ಕೊಂಡಿದ್ದೆ.”

“ನೀನು ಮಷೀನು ಜೋರು ತುಳಿಯೋದು?”

“ನಿಮ್ಮ ಮೇಲಿನ ಸಿಟ್ಟಿಗೆ.”

ಈ ಸಲ ನಗು ಪೂರ್ತಿ ಬಂತು, ಇಬ್ಬರಿಗೂ.

ಮರುದಿನವೇ ಸೊಸೆ ರಜೆ ಹಾಕಿ ಅವರನ್ನು ಕಿವಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಾಜಿನ ಗೂಡಿನೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದರು. ಸಣ್ಣ, ತೆಳು ಸದ್ದುಗಳೆಲ್ಲ ಹೋಗಿವೆ, ದಪ್ಪ ಸದ್ದು ಉಳಿದಿದೆ, ಕಿವಿಗೆ ಮಷೀನು ಹಾಕಿದರೆ ಬಹಳಷ್ಟು ಸುಧಾರಿಸುತ್ತದೆ. ಇಷ್ಟು ವರ್ಷ ಕಿವಿಯ ಸಂಗತಿ ಮುಚ್ಚಿಟ್ಟುಕೊಂಡಿದ್ದ ರೆಫರಿ, “ಅದು ಯಾವ ಬಣ್ಣದಲ್ಲಿ ಸಿಗುತ್ತೆ?” ಎಂದು ಕೇಳಿದರು.

ಮಷೀನು ಕಿವಿಗೆ ಕೂತ ದಿನ ಮನೆಯಲ್ಲಿ ಹಬ್ಬವೋ ಹಬ್ಬ. ಬಾಗಿಲು ದಾಟಿದ ಕೂಡಲೇ ಅವರು ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ಅದೇನದು, ಟಪ್ ಟಪ್?”

“ನಲ್ಲಿ, ತಾತ. ಯಾವತ್ತಿಂದಲೋ ಸೋರ್ತಾ ಇದೆ.”

“ಇದು, ಕಿಚ್ ಕಿಚ್?”

“ಅಪ್ಪನ ಮಷೀನು. ಎಣ್ಣೆ ಹಾಕಿಲ್ಲ.”

“ಅಯ್ಯೋ, ಇಷ್ಟು ಗಲಾಟೆ ಮನೇಲಿ ನೀವೆಲ್ಲ ಹೇಗೆ ಬದುಕ್ತೀರೋ!” ಎನ್ನುತ್ತಾ ಅವರು ಕೋಣೆಯಿಂದ ಕೋಣೆಗೆ ಓಡಾಡಿದರು. ಸ್ವಿಚ್ಚು ಒತ್ತಿ ಅದರ ಟಿಕ್ ಕೇಳಿದರು. ಕಾಗದ ಮುದುರಿ ಕೇಳಿದರು. ಕತ್ತರಿ ಬಟ್ಟೆಯ ಮೇಲೆ ಓಡುವ ಸದ್ದನ್ನು ಮತ್ತೆ ಮತ್ತೆ ಮಾಡಿಸಿ ಕೇಳಿದರು. ಸೊಸೆ ಅಡುಗೆಮನೆಯಲ್ಲಿ ಗುನುಗುತ್ತಿದ್ದದ್ದನ್ನು ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿದ ಮೇಲೆ, “ಅಮ್ಮಾ, ಶ್ರುತಿ ಒಂಚೂರು ಆಚೀಚೆ,” ಎಂದು ತೀರ್ಪು ಕೊಟ್ಟರು.

ಈ ಸುದ್ದಿ ಕೇಳಿ ಮೇಡಂಗೆ ತಡೆಯಲಾಗಲಿಲ್ಲ. “ನಾನು ಬಂದು ನೋಡ್ಲೇಬೇಕು,” ಎಂದು ಮುಂದಿನ ಭಾನುವಾರ ಬಂದೇಬಿಟ್ಟರು. ಸೊಸೆಗೆ ಬೆಳಿಗ್ಗೆಯಿಂದ ಪರೀಕ್ಷೆಗೆ ಕೂತಷ್ಟು ತಳಮಳ. ಮೇಡಂ ದೊಡ್ಡ ದಿಕ್ಸೂಚಿ ಹಿಡಿದು ಸುತ್ತಿದರು. ಬಾಗಿಲಿಗೆ ಭೇಷ್ ಎಂದರು. ಕನ್ನಡಿಯ ಬೆಳಕನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಮೇಜಿನ ಪ್ಯಾಡುಗಳನ್ನು ಒತ್ತಿ ನೋಡಿ, “ಇದು ಯಾವ ಪುಸ್ತಕದಲ್ಲೂ ಇಲ್ಲಪ್ಪ!” ಎಂದು ನಕ್ಕರು. ರೆಫರಿಯ ಕುರ್ಚಿಯ ಹತ್ತಿರ ಬಂದಾಗ ಮಾತ್ರ ಹುಬ್ಬು ಗಂಟಿಕ್ಕಿದರು. ರೆಫರಿ ಹುಟ್ಟಿದ ವರ್ಷ ಕೇಳಿದರು, ಬೆರಳು ಮಡಿಸಿ ಲೆಕ್ಕ ಹಾಕಿದರು.

“ಯಜಮಾನರಿಗೆ ಈ ದಿಕ್ಕು ಆಗಿಬರಲ್ಲ. ಕುರ್ಚಿ ಅಲ್ಲಿ, ಆ ಮೂಲೆಗೆ ಹೋಗ್ಬೇಕು.”

“ಬೇಡ!”

ಒಬ್ಬರಲ್ಲ, ನಾಲ್ವರೂ ಒಟ್ಟಿಗೆ ಕೂಗಿದ್ದರು. ಕೂಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮನೆಯಲ್ಲಿ ನಾಲ್ಕು ಬಾಯಿಂದ ಒಂದೇ ಮಾತು ಹೊರಟ ನೆನಪು ಯಾರಿಗೂ ಇರಲಿಲ್ಲ. ಆ ಮೂಲೆಯಿಂದ ಬಾಗಿಲು ಕಾಣುವುದಿಲ್ಲ ಎಂದು ಗುಬ್ಬಿ ವಿವರಿಸಲು ಹೊರಟಳು, ಟೈಲರ್ ಅದನ್ನೇ ತನ್ನ ಮಾತಲ್ಲಿ ಶುರು ಮಾಡಿದ, ರೆಫರಿ ಇಬ್ಬರನ್ನೂ ಸುಮ್ಮನಾಗಿಸಿ ತಾವೇ ಹೇಳಿದರು.

ಮೇಡಂ ದಿಕ್ಸೂಚಿಯ ಮುಚ್ಚಳ ಹಾಕಿದರು. “ಸರಿ ಬಿಡಿ. ಇಷ್ಟು ಒಗ್ಗಟ್ಟಿರೋ ಕಡೆ ನಾನು ಬಾಯಿ ಹಾಕಲ್ಲ. ಒಂದು ಲೋಟ ಚಹಾ ಕೊಡಿ.”

ಅವರು ಚಹಾ ಕುಡಿಯುತ್ತಿರುವಾಗಲೇ ಕೆಳಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಒಳಗೆ ಕಣ್ಣಾಡಿಸಿ, ಸೊಸೆಯ ಕೈ ಹಿಡಿದುಕೊಂಡರು. “ನಮ್ಮನೇಲೂ ನನ್ನ ಮಗಂಗೂ ನನಗೂ ಆಗಿಬರ್ತಿಲ್ಲ ಕಣೇ. ಒಂದ್ಸಲ ಬಂದು ಏನು ಎಲ್ಲಿಡಬೇಕು ನೋಡ್ತೀಯಾ?”

ಸೊಸೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. “ಈಗ್ಲೇ ಬರ್ತೀನಿ ಅಜ್ಜಿ!” ಟೈಲರ್ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ. ಗುಬ್ಬಿ ಆಗಲೇ ಅರ್ಧ ಮೆಟ್ಟಿಲಿಳಿದಿದ್ದಳು.

“ನಿಲ್ರೋ! ನಾನಿಲ್ದೆ ಆಟ ಶುರು ಮಾಡ್ಬೇಡಿ,” ಎನ್ನುತ್ತಾ ರೆಫರಿ ಚಪ್ಪಲಿ ಮೆಟ್ಟಿದರು. ಮೇಡಂ ಲೋಟ ಕೆಳಗಿಟ್ಟು ಅವರ ಹಿಂದೆಯೇ ಎದ್ದರು.